ಬೇಸಿಗೆಯಲ್ಲಿ ಕೆರೆ, ಹಿನ್ನೀರಿನ ದಡದಲ್ಲಿ ಮೆಟಲ್ ಡಿಟೆಕ್ಟರ್: ಹಾಸನ, ಚಿಕ್ಕಮಗಳೂರು ಕಡೆ ಹೇಗೆ ಹುಡುಕೋದು?

ಗೊರೂರುದಾರಿ

ಕೈಯಲ್ಲಿರೋದು ಗ್ಯಾರೆಟ್ ಏಸ್ 300, ಜೊತೆಗೆ ಬಂದ 7×10 ಇಂಚಿನ ಕಾಯಿಲ್ (ನೆಲದ ಮೇಲೆ ಬೀಸುವ ತಟ್ಟೆ). ಪಿನ್‌ಪಾಯಿಂಟರ್ (ಗುಂಡಿಯೊಳಗೆ ತೂರಿಸಿ ನೋಡುವ ಸಣ್ಣ ಕೈ ಡಿಟೆಕ್ಟರ್) ಇನ್ನೂ ಇಲ್ಲ. ಹೇಮಾವತಿ ಹಿನ್ನೀರು ಇಳಿದು, ಜನ ಈಜಾಡಿದ ಜಾಗಗಳೆಲ್ಲ ಈಗ ಬಯಲಾಗಿವೆ. ನೀರಿಗೆ ಬಿದ್ದ ಉಂಗುರ, ಓಲೆ, ಕಾಲುಂಗುರ ಹುಡುಕಿಕೊಡುವ ಕೆಲಸಕ್ಕೆ ಮಾತ್ರ ಈ ಮಿಷನ್. ನಿಧಿ ಗಿಧಿ ಅಂತ ಯಾರೂ ಶುರು ಮಾಡಬೇಡಿ.

ಹೊರದೇಶದ ವಿಡಿಯೋಗಳಲ್ಲಿ ಹೇಳುವ ಸೆಟಿಂಗ್ ಇಲ್ಲಿ ಹಾಕಿದರೆ ಮಿಷನ್ ಸುಮ್ಮನೆ ಕಿರುಚುತ್ತೆ. ಯಾಕೆ? ಅಷ್ಟು ದೊಡ್ಡ ಬಯಲಿನಲ್ಲಿ ಎಲ್ಲಿಂದ ಶುರು ಮಾಡಬೇಕು? ನೀರಿಗೆ ಎಷ್ಟು ಇಳಿಯಬಹುದು? ಅನುಮತಿ ಯಾರ ಹತ್ತಿರ? ತಿಳಿದವರು ಬಿಡಿಸಿ ಹೇಳಿ.

ತೂಬಿನಬಾಯಿ

ಎಲ್ಲಿಂದ ಶುರು ಅನ್ನೋದನ್ನ ಮೊದಲು ಹೇಳ್ತೀನಿ, ಮಿಷನ್ ವಿಚಾರ ಆಮೇಲೆ. ಹಿನ್ನೀರಿನಲ್ಲಿ ಅರ್ಧ ಕೆಲಸ ಪೇಪರ್ ಪೆನ್ನಿನಲ್ಲೇ ಆಗುತ್ತೆ.

ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2922 ಅಡಿ. ದಿನದ ಮಟ್ಟ ಪತ್ರಿಕೆಯಲ್ಲಿ ಬರುತ್ತೆ. ವಸ್ತು ಕಳೆದ ದಿನದ ಮಟ್ಟ ತೆಗೆದಿಟ್ಟುಕೊಳ್ಳಿ. ಕಳೆದುಕೊಂಡವರಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಆಗ ನೀರು ಎಲ್ಲಿವರೆಗಿತ್ತು, ಮಂಡಿಗಾ, ಸೊಂಟಕ್ಕಾ, ಎದೆಗಾ? ಉದಾಹರಣೆಗೆ ಆ ದಿನ ಮಟ್ಟ 2905, ಸೊಂಟದ ಆಳ ಅಂದರೆ ಸುಮಾರು 3 ಅಡಿ ಅಂದುಕೊಳ್ಳಿ. ಹಾಗಾದರೆ ವಸ್ತು ಬಿದ್ದ ನೆಲದ ಮಟ್ಟ 2902. ಇವತ್ತು ನೀರು 2898ರಲ್ಲಿದ್ದರೆ ಆ ಜಾಗ ಈಗಿನ ನೀರಿನ ಅಂಚಿಗಿಂತ 4 ಅಡಿ ಎತ್ತರದಲ್ಲಿದೆ. ದಡದ ಇಳಿಜಾರು 20 ಅಡಿಗೆ 1 ಅಡಿ ಇದ್ದರೆ ನೀರಿನಂಚಿನಿಂದ 80 ಅಡಿ ಮೇಲಕ್ಕೆ ಬನ್ನಿ. ಅಲ್ಲಿ ನೀರಿಗೆ ಸಮಾನಾಂತರವಾಗಿ ಹತ್ತಿಪ್ಪತ್ತು ಅಡಿ ಅಗಲದ ಒಂದು ಪಟ್ಟಿ ಸಿಗುತ್ತೆ. ಇಡೀ ಬಯಲು ಬಿಟ್ಟು ಆ ಪಟ್ಟಿ ಹಿಡಿದು ಹೋಗಿ.

ಇಳಿಜಾರನ್ನ ಕಣ್ಣಳತೆಯಲ್ಲಿ ಹೇಳಬೇಡಿ, ಮೋಸ ಹೋಗ್ತೀರಿ. ಗಾರೆ ಕೆಲಸದವರ ಟ್ಯೂಬ್ ಲೆವೆಲ್ ತಗೊಂಡು ಅಳೆಯಿರಿ, ಹತ್ತು ನಿಮಿಷದ ಕೆಲಸ. 20ಕ್ಕೆ 1 ಅಂದುಕೊಂಡ ಜಾಗ 12ಕ್ಕೆ 1 ಇದ್ದರೆ ಮೇಲಿನ ಲೆಕ್ಕದಲ್ಲೇ 80 ಅಡಿ ಹೋಗಿ 48 ಅಡಿ ಆಗುತ್ತೆ.

ಸಣ್ಣ ಕೆರೆಗಳಿಗೆ ಮಟ್ಟದ ದಾಖಲೆ ಇರಲ್ಲ. ಅಲ್ಲಿ ತೂಬಿನ ಕಂಬದ ಮೇಲೆ, ಸೋಪಾನದ ಕಲ್ಲಿನ ಮೇಲೆ ನೀರು ನಿಂತ ಗುರುತು ಗೆರೆಗೆರೆಯಾಗಿ ಉಳಿದಿರುತ್ತೆ. ಆವತ್ತು ತೆಗೆದ ಫೋಟೋದಲ್ಲಿ ಯಾವ ಮೆಟ್ಟಿಲು ಮುಳುಗಿತ್ತು ಅಂತ ನೋಡಿ, ಅಷ್ಟೇ ಸಾಕು.

ಕೆಮ್ಮಣ್ಣು_ಕಾಫಿ

ಮಿಷನ್ ಕಿರುಚೋದು ಮಿಷನ್ನಿನ ತಪ್ಪಲ್ಲ ಮಾರಾಯ್ರೆ, ನಮ್ಮ ಮಣ್ಣಿನ ಗುಣ. ಬಾಬಾಬುಡನ್‌ಗಿರಿ ಸಾಲು, ಕುದುರೆಮುಖ, ಎರಡೂ ಕಬ್ಬಿಣದ ಅದಿರಿನ ಗುಡ್ಡಗಳು. ಚನ್ನರಾಯಪಟ್ಟಣ ಕಡೆ ನುಗ್ಗೇಹಳ್ಳಿಯ ಶಿಲಾಪಟ್ಟಿಯಲ್ಲಿ ಕ್ರೋಮೈಟ್ ಜೊತೆ ಮ್ಯಾಗ್ನಟೈಟ್ (ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅದಿರು) ಕೂಡ ಇದೆ. ಕೆಂಪು ಮಣ್ಣು, ಜಂಬಿಟ್ಟಿಗೆ ಹರಳು, ಹೊಳೆಯ ಕರಿಮರಳು ಇವೆಲ್ಲ ಕಾಯಿಲ್ ಕೆಳಗೆ ತಾವೇ ಒಂದು ಸಿಗ್ನಲ್ ಕೊಡ್ತವೆ. ಮಿಷನ್ ಆ ಮಣ್ಣಿನ ಸದ್ದನ್ನ ಕಳೆದು ಉಳಿದದ್ದನ್ನ ಮಾತ್ರ ಕೇಳಿಸಬೇಕು. ಅದಕ್ಕೆ ಗ್ರೌಂಡ್ ಬ್ಯಾಲೆನ್ಸ್ ಅಂತಾರೆ.

ಏಸ್ 300ರಲ್ಲಿ ಗ್ರೌಂಡ್ ಬ್ಯಾಲೆನ್ಸ್ ಫ್ಯಾಕ್ಟರಿಯಲ್ಲೇ ಕೂರಿಸಿಬಿಟ್ಟಿರ್ತಾರೆ, ನೀವು ಬದಲಾಯಿಸೋಕಾಗಲ್ಲ. ಉಳಿದಿರೋ ದಾರಿ ಸೆನ್ಸಿಟಿವಿಟಿ ಇಳಿಸೋದು. 8 ಮೆಟ್ಟಿಲಲ್ಲಿ 4 ಅಥವಾ 5ಕ್ಕೆ ತನ್ನಿ. ಆಳ ಕಡಿಮೆಯಾಗುತ್ತೆ ಅಂತ ಹೊಟ್ಟೆ ಉರಿದುಕೊಳ್ಳಬೇಡಿ. ಕಿರುಚಾಟದ ನಡುವೆ 8ರಲ್ಲಿ ಹುಡುಕೋದಕ್ಕಿಂತ ತಣ್ಣಗೆ 5ರಲ್ಲಿ ಹುಡುಕಿದರೆ ಹೆಚ್ಚು ಸಿಗುತ್ತೆ. ಕಾಯಿಲ್ ಅನ್ನ ನೆಲಕ್ಕೆ ಉಜ್ಜಬೇಡಿ, ಒಂದು ಇಂಚು ಮೇಲೆ ಒಂದೇ ಎತ್ತರದಲ್ಲಿ ಓಡಿಸಿ. ಬೀಸಿನ ಎರಡೂ ತುದಿಯಲ್ಲಿ ಕಾಯಿಲ್ ಮೇಲಕ್ಕೆ ಎದ್ದರೆ ಕೆಂಪು ಮಣ್ಣಲ್ಲಿ ಪ್ರತಿ ಬೀಸಿಗೂ ಸುಳ್ಳು ಸದ್ದು ಬರುತ್ತೆ.

ಬ್ಯಾಲೆನ್ಸ್ ಮಾಡಬಹುದಾದ ಮಿಷನ್ ಇದ್ದರೆ (ಗ್ಯಾರೆಟ್ ಎಟಿ ಪ್ರೊ, ನೋಕ್ಟಾ ಸಿಂಪ್ಲೆಕ್ಸ್, ಮೈನ್‌ಲ್ಯಾಬ್ ಈಕ್ವಿನಾಕ್ಸ್) ಮೊದಲು ಲೋಹ ಇಲ್ಲದ ಜಾಗ ಹುಡುಕಿ. ಅಲ್ಲಿ ಕಾಯಿಲ್ ಅನ್ನ ಒಂದು ಗೇಣಿನಿಂದ ಒಂದು ಇಂಚಿಗೆ ಮೇಲೆ ಕೆಳಗೆ ಆಡಿಸಿ ಸದ್ದು ಸಮ ಮಾಡಿ. ದಡದ ಒಣಮಣ್ಣಲ್ಲಿ ಒಮ್ಮೆ, ಒದ್ದೆ ಹೂಳಿನಲ್ಲಿ ಒಮ್ಮೆ, ನೀರಿಗಿಳಿದ ಮೇಲೆ ಇನ್ನೊಮ್ಮೆ. ಮೂರೂ ಬೇರೆ ಬೇರೆ ನೆಲ.

ಸಿಹಿನೀರು ಮಾತ್ರ ನಮಗೆ ವರ. ಸಮುದ್ರದ ಉಪ್ಪುನೀರು ವಿದ್ಯುತ್ ಹಾಯಿಸುತ್ತೆ, ಅಲ್ಲಿ ಒಂದೇ ಫ್ರೀಕ್ವೆನ್ಸಿಯ ಮಿಷನ್ ಒದ್ದಾಡುತ್ತೆ. ಕೆರೆ ನೀರಿನಲ್ಲಿ ಆ ಕಾಟ ಇಲ್ಲ. ವಿಡಿಯೋದವರ ಬೀಚ್ ಮೋಡ್ ಇಲ್ಲಿ ಹಾಕೋದೇ ಬೇಡ.

ಗೊರೂರುದಾರಿ

ತೂಬಿನಬಾಯಿ ಸರ್, ಮಟ್ಟದ ಲೆಕ್ಕ ತಲೆಗೇ ಬಂದಿರಲಿಲ್ಲ. ನಂಬರ್ ವಿಚಾರ ಹೇಳಿ: ಚಿನ್ನದ ಉಂಗುರಕ್ಕೆ ಪರದೆ ಮೇಲೆ ಎಷ್ಟು ತೋರಿಸಬೇಕು?

ಬಿಡಿಕಾಸು

ಏಸ್‌ನಲ್ಲಿ 0ಯಿಂದ 99, ಕೆಳಗಿನ ನಂಬರ್ ಕಬ್ಬಿಣದ್ದು, ಮೇಲಿನದು ಬೆಳ್ಳಿಯದ್ದು. ಚಿನ್ನದ ಉಂಗುರಕ್ಕೆ ಒಂದೇ ನಂಬರ್ ಅಂತಿಲ್ಲ. ಗಾತ್ರ, ದಪ್ಪ, ಎಷ್ಟು ಕ್ಯಾರೆಟ್ ಅನ್ನೋದರ ಮೇಲೆ 40ರಿಂದ 70ರ ಆಚೆಗೂ ಹರಡಿಕೊಂಡಿರುತ್ತೆ. ತೊಂದರೆ ಏನಂದ್ರೆ ನಮ್ಮ ದಡಗಳ ಕಸವೂ ಅದೇ ಪಟ್ಟಿಯಲ್ಲಿ ಬೀಳುತ್ತೆ. ಕ್ವಾರ್ಟರ್ ಬಾಟಲಿಯ ತಿರುಚುವ ಅಲ್ಯೂಮಿನಿಯಂ ಮುಚ್ಚಳ, ಬಿಯರ್ ಕ್ಯಾನಿನ ಚೂರು, ಮಾತ್ರೆ ಸ್ಟ್ರಿಪ್ಪು, ಒಳಗೆ ಅಲ್ಯೂಮಿನಿಯಂ ಹಾಳೆ ಇರುವ ಟೆಟ್ರಾ ಪ್ಯಾಕು. ಮೀನು ಹಿಡಿಯುವ ಕೆರೆಯಾದರೆ ಬಲೆಯ ಸೀಸದ ಗುಂಡು ಬೇರೆ, ಅದಂತೂ ಚಿನ್ನದ ಥರಾನೇ ದುಂಡಗೆ, ಗಟ್ಟಿಯಾಗಿ ಸದ್ದು ಕೊಡುತ್ತೆ. ಗುಟ್ಕಾ ಪ್ಯಾಕೆಟ್, ಚಿಪ್ಸ್ ಕವರ್ ನೋಡೋಕೆ ಬೆಳ್ಳಿ ಬಣ್ಣ ಇದ್ದರೂ ಲೋಹದ ಲೇಪ ತೀರಾ ತೆಳು, ಸಾಮಾನ್ಯವಾಗಿ ಸದ್ದೇ ಮಾಡಲ್ಲ. ಅಷ್ಟರಮಟ್ಟಿಗೆ ಪುಣ್ಯ.

ಇನ್ನು ನಮ್ಮ ನಾಣ್ಯಗಳು. ವಿಡಿಯೋ ನೋಡಿ ಕಲಿತವರು ಎಡವೋದೇ ಇಲ್ಲಿ. 1 ರೂಪಾಯಿ 1992ರಿಂದ, 2 ರೂಪಾಯಿ 2005ರ ಸುಮಾರಿನಿಂದ ಫೆರಿಟಿಕ್ ಸ್ಟೇನ್‌ಲೆಸ್ ಸ್ಟೀಲು. ಅಯಸ್ಕಾಂತಕ್ಕೆ ಅಂಟುತ್ತೆ. ದೇವಸ್ಥಾನದ ಹೊಳೆಗಳಲ್ಲಿ ಹುಡುಗರು ದಾರಕ್ಕೆ ಅಯಸ್ಕಾಂತ ಕಟ್ಟಿ ಕಾಸು ಎತ್ತೋದು ಇದೇ ಕಾರಣಕ್ಕೆ. ಮಿಷನ್‌ಗೆ ಇದು ಗೊಂದಲದ ವಸ್ತು: ಲೋಹ ಕಬ್ಬಿಣದ್ದು, ಆಕಾರ ಚಪ್ಪಟೆ ಬಿಲ್ಲೆ. ಒಂದು ಬೀಸಿಗೆ ಕಬ್ಬಿಣ ಅನ್ನುತ್ತೆ, ಮುಂದಿನ ಬೀಸಿಗೆ ಬೆಳ್ಳಿಯ ಜಾಗಕ್ಕೆ ಹಾರುತ್ತೆ. ಸೋಡಾ ಬಾಟಲಿಯ ಮುಚ್ಚಳದ್ದೂ ಇದೇ ಚಾಳಿ. ಹಳದಿ 5 ರೂಪಾಯಿ ನಿಕಲ್ ಹಿತ್ತಾಳೆ, ಅದು ಸ್ಥಿರವಾದ ನಂಬರ್ ಕೊಡುತ್ತೆ. 10 ರೂಪಾಯಿ ಎರಡು ಲೋಹದ್ದು, ವರ್ಷಕ್ಕೆ ತಕ್ಕಂತೆ ನಂಬರ್ ಬದಲಾಗುತ್ತೆ. ಹಳೇ 10, 20 ಪೈಸೆ ಅಲ್ಯೂಮಿನಿಯಂ, ಹೂಳಿನಲ್ಲಿ ಬಿಳಿ ಪುಡಿ ಹಿಡಿದು ತೂತುಬಿದ್ದಿರುತ್ತೆ.

ಹೀಗಾಗಿ ಯಾರದೋ ನಂಬರ್ ಚಾರ್ಟ್ ಇಟ್ಟುಕೊಳ್ಳಬೇಡಿ, ನಿಮ್ಮದೇ ಮಾಡಿಕೊಳ್ಳಿ. ಹುಡುಕುವ ಜಾಗದ ಹತ್ತಿರವೇ, ಅದೇ ಮಣ್ಣಲ್ಲಿ, ಒಂದೊಂದು ಮೊಳ ದೂರಕ್ಕೆ 4 ಇಂಚು ಆಳದಲ್ಲಿ 1, 2, 5, 10 ರೂಪಾಯಿ, ಒಂದು ಸೋಡಾ ಮುಚ್ಚಳ, ಒಂದು ಕ್ವಾರ್ಟರ್ ಮುಚ್ಚಳ, ಒಂದು ಬೆಳ್ಳಿ ಉಂಗುರ ಹೂತು ಎಲ್ಲಾ ದಿಕ್ಕಿನಿಂದ ಬೀಸಿ ಬರೆದುಕೊಳ್ಳಿ. ಆಮೇಲೆ ಎಲ್ಲವನ್ನೂ ಎತ್ತಿಕೊಂಡು ಬನ್ನಿ, ಮರೆತು ಬರಬೇಡಿ!

ಮಲೆಸೀಮೆ

ಆಭರಣದ ಬಗ್ಗೆ ಒಂದು ಮಾತು ಸೇರಿಸ್ತೀನಿ. ಮುಚ್ಚಿದ ಬಳೆಯಾಕಾರದ ವಸ್ತುವಿಗೆ ಮಿಷನ್ ಚೆನ್ನಾಗಿ ಕೂಗುತ್ತೆ, ಯಾಕೆಂದರೆ ಸುಳಿ ವಿದ್ಯುತ್ (ಮಿಷನ್ ಲೋಹದೊಳಗೆ ಎಬ್ಬಿಸುವ ವಿದ್ಯುತ್) ಸುತ್ತು ಹಾಕೋಕೆ ಪೂರ್ತಿ ದಾರಿ ಇರುತ್ತೆ. ಒಂದು ಕಡೆ ಬಾಯಿ ಬಿಟ್ಟಿದ್ದರೆ ಸಿಗ್ನಲ್ ತೀರಾ ಇಳಿಯುತ್ತೆ. ನಮ್ಮ ಕಾಲುಂಗುರಗಳಲ್ಲಿ ಬಹಳಷ್ಟು ಅಡಿಭಾಗದಲ್ಲಿ ಬಾಯಿ ಬಿಟ್ಟಿರೋವೇ. ಬೆಳ್ಳಿ ಅಂದ್ರೆ 80ರ ಮೇಲೆ ಬರಬೇಕು ಅಂತ ಕಾಯ್ತಾ ಕೂತರೆ ಕಾಲುಂಗುರವನ್ನ ದಾಟಿಕೊಂಡು ಹೋಗ್ತೀರಿ.

ಸರ ಇನ್ನೂ ಕಷ್ಟ. ಮಿಷನ್‌ಗೆ ಸರ ಅಂತ ಒಂದು ವಸ್ತು ಕಾಣಲ್ಲ, ಒಂದೊಂದು ಕೊಂಡಿಯಷ್ಟೇ ಕಾಣೋದು. ಎಳೆ ತೆಳುವಾಗಿದ್ದರೆ ಇಪ್ಪತ್ತು ಗ್ರಾಂ ಸರವೂ ಸುಮ್ಮನೆ ಬಿದ್ದಿರುತ್ತೆ. ಕರಿಮಣಿ ಸರದಲ್ಲಿ ಸದ್ದು ಕೊಡೋದು ತಾಳಿಬೊಟ್ಟು, ಕೊಂಡಿಯ ತಿರುಪು. ಆ ಸಣ್ಣ ಸದ್ದನ್ನೇ ಹಿಡಿಯಬೇಕು.

ಓಲೆ, ಕಾಲುಂಗುರ ಕಳೆದಿದ್ದರೆ ಒಂದು ಅನುಕೂಲ ಇದೆ: ಜೋಡಿಯ ಇನ್ನೊಂದು ಮನೇಲಿರುತ್ತೆ. ಅದನ್ನ ಇಸ್ಕೊಂಡು ದಾರ ಕಟ್ಟಿ, ಅದೇ ಹೂಳಿನಲ್ಲಿ 3, 5, 7 ಇಂಚಿಗೆ ಇಟ್ಟು ಬೀಸಿ ನೋಡಿ. ಎಷ್ಟು ಆಳದವರೆಗೆ ಕೇಳುತ್ತೆ, ಎಂಥ ಸದ್ದು ಅನ್ನೋದು ಅಲ್ಲೇ ಗೊತ್ತಾಗುತ್ತೆ. 5 ಇಂಚಿಗೇ ಸದ್ದು ನಿಂತರೆ, ಹೂಳು ಒಂದು ಅಡಿ ಇರುವ ಜಾಗದಲ್ಲಿ ಮೇಲಿಂದ ಬೀಸಿ ಪ್ರಯೋಜನ ಇಲ್ಲ.

ಏರಿಮೇಲೆ

ಇಷ್ಟೆಲ್ಲ ಯಾಕೆ? ಚಿನ್ನ ಯಾವತ್ತೂ ಕಬ್ಬಿಣದ ನಂಬರಿಗೆ ಬರಲ್ಲ. ಡಿಸ್ಕ್ರಿಮಿನೇಶನ್‌ನಲ್ಲಿ (ಬೇಡದ ನಂಬರಿಗೆ ಸದ್ದು ಬರದ ಹಾಗೆ ಮಾಡುವ ಸೆಟಿಂಗ್) 40ರ ಕೆಳಗಿನದನ್ನೆಲ್ಲ ಮುಚ್ಚಿಬಿಡಿ, ಅರ್ಧ ಅಗೆತ ಉಳಿಯುತ್ತೆ.

ಕೆಮ್ಮಣ್ಣು_ಕಾಫಿ

ಏರಿಮೇಲೆಯವರೇ, ದಪ್ಪ ಉಂಗುರಕ್ಕೆ ನಿಮ್ಮ ಮಾತು ಸರಿ. ಮೂಗುಬೊಟ್ಟು, ತೆಳು ಸರದ ಕೊಂಡಿ, ತುಂಡಾದ ಉಂಗುರ ಇವೆಲ್ಲ 40ರ ಅಂಚಿನಲ್ಲೇ ಓಡಾಡ್ತವೆ, ಕೆಂಪು ಮಣ್ಣು ಅವನ್ನ ಇನ್ನೂ ಕೆಳಕ್ಕೆ ಎಳೆಯುತ್ತೆ. ಇನ್ನೊಂದು, ಉಂಗುರದ ಪಕ್ಕ ಮೊಳೆ ಇದ್ದರೆ ಮುಚ್ಚಿದ ಮಿಷನ್ ಎರಡಕ್ಕೂ ಬಾಯಿ ಮುಚ್ಚಿಕೊಳ್ಳುತ್ತೆ. ಝೀರೋ ಮೋಡ್‌ನಲ್ಲಿ ಎಲ್ಲವನ್ನೂ ಕೇಳಿ. ಅಗೆಯೋದನ್ನ ಕಿವಿ ನಿರ್ಧರಿಸಲಿ.

ಏರಿಮೇಲೆ

ಗಣಪತಿ ಬಿಡುವ ಕಡೆ ಝೀರೋ ಮೋಡ್ ಹಾಕಿ ನೋಡಿ ಸ್ವಾಮಿ, ಕಿವಿ ಕಿತ್ತು ಬರುತ್ತೆ. ಮೂರ್ತಿಯ ಒಳಗಿನ ಕಂಬಿ, ತಂತಿ, ಹಲಗೆಯ ಮೊಳೆ ಎಲ್ಲ ಅಲ್ಲೇ ಇರುತ್ತೆ.

ಬಿಡಿಕಾಸು

ಇಬ್ಬರೂ ಸರಿ, ಜಾಗ ಬೇರೆ. ಈಜುವ ಸ್ವಚ್ಛ ದಡಕ್ಕೆ ಝೀರೋ ಮೋಡು. ಮೂರ್ತಿ ವಿಸರ್ಜನೆಯ ಜಾಗ, ದನ ತೊಳೆಯುವ ಜಾಗ (ಎತ್ತಿನ ಲಾಳ, ಸರಪಳಿ ಚೂರು), ಗಾಡಿ ತೊಳೆಯುವ ಜಾಗ (ನಟ್ಟು ಬೋಲ್ಟು) ಇಲ್ಲೆಲ್ಲ ದೊಡ್ಡ ಕಾಯಿಲ್ ಒಟ್ಟಿಗೆ ನಾಲ್ಕೈದು ವಸ್ತು ನೋಡಿ ತಲೆ ಕೆಡಿಸಿಕೊಳ್ಳುತ್ತೆ. 5, 6 ಇಂಚಿನ ಸಣ್ಣ ಕಾಯಿಲ್ ಹಾಕಿ, ನಿಧಾನಕ್ಕೆ ಬೀಸಿ, ಕಬ್ಬಿಣದ ಕೆಳಗಿನ ಭಾಗ ಮಾತ್ರ ಮುಚ್ಚಿ. ಸೋಡಾ ಮುಚ್ಚಳದ ಅನುಮಾನ ಬಂದರೆ ಕಾಯಿಲ್ ಅನ್ನ ಗುರಿಯ ಮೇಲಿಂದ ನಿಮ್ಮ ಕಡೆಗೆ ನಿಧಾನ ಎಳೆದು, ಕಾಯಿಲಿನ ಮುಂದಿನ ತುದಿಯಲ್ಲಿ ಸಣ್ಣಗೆ ಅಲ್ಲಾಡಿಸಿ. ಮುಚ್ಚಳವಾದರೆ ಅಂಚಿಗೆ ಬರುವಾಗ ಕಬ್ಬಿಣದ ಗೊರಗೊರ ಶುರುವಾಗುತ್ತೆ. ಉಂಗುರವಾದರೆ ಸದ್ದು ಸಣ್ಣದಾಗುತ್ತೆ, ಜಾತಿ ಬದಲಾಯಿಸಲ್ಲ.

ಬಟ್ಟೆ ಒಗೆಯುವ ಕಲ್ಲಿನ ಸುತ್ತ ಮಾತ್ರ ತಾಳ್ಮೆಯಿಂದ ಎಲ್ಲ ಅಗೆಯಿರಿ. ತಣ್ಣೀರಿಗೆ ಬೆರಳು ಸಣ್ಣಗಾಗುತ್ತೆ, ಮೇಲೆ ಸೋಪು. ಉಂಗುರ ಜಾರೋದೇ ಅಲ್ಲಿ. ಪಿನ್ನು, ಗುಂಡಿ, ಕಾಸಿನ ನಡುವೆ ಅದೂ ಇರುತ್ತೆ.

ಬೆಸುಗೆಕೈ

ಅಗೆಯುವ ಸಾಮಾನು. ಮಾರಾಟಕ್ಕೆ ಸಿಗುವ ಬೀಚ್ ಸ್ಕೂಪ್ ಮರಳಿಗೆ ಮಾಡಿದ್ದು. 7 ಮಿ.ಮೀ. ತೂತಿನ ಸ್ಕೂಪಿನಲ್ಲಿ ನಮ್ಮ ಕೆರೆಯ ಹೂಳು ರಾಗಿಮುದ್ದೆ ಥರ ಕೂತುಬಿಡುತ್ತೆ, ಎಷ್ಟು ಅಲ್ಲಾಡಿಸಿದರೂ ಇಳಿಯಲ್ಲ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ 2 ಮಿ.ಮೀ. ಸ್ಟೇನ್‌ಲೆಸ್ ಶೀಟಿನಲ್ಲಿ ಮಾಡಿಸಿ. ಬಾಯಿ 6 ಇಂಚು ಅಗಲ, ಉದ್ದ 9 ಇಂಚು, ಮುಂದಿನ ಅಂಚು ಓರೆಯಾಗಿ ಕತ್ತರಿಸಿ ಚೂಪು ಮಾಡಿರಬೇಕು. ತೂತು 12 ಮಿ.ಮೀ. ಇರಲಿ. ಮೂಗುಬೊಟ್ಟು ಹುಡುಕೋದಾದರೆ ತೂತೇ ಇಲ್ಲದ್ದು ಬೇಕು, ಹೂಳನ್ನ ಹಾಗೇ ಮೇಲಕ್ಕೆ ತನ್ನಿ. ಹಿಡಿ 4 ಅಡಿ, ಒಂದೂಕಾಲು ಇಂಚಿನ ಪೈಪು. ಹಿಡಿ ಸೇರುವ ಕಡೆ ಹಿಂಬದಿಗೆ ಒಂದು ತುಂಡು ಪಟ್ಟಿ ಬೆಸೆದು ಕಾಲಿಟ್ಟು ಒತ್ತುವ ಹಾಗೆ ಮಾಡಿಸಿ. ಬೆಸುಗೆ ಬಿಡೋದು ಯಾವಾಗಲೂ ಅದೇ ಸಂದಿನಲ್ಲಿ, ಅಲ್ಲಿ ತ್ರಿಕೋನದ ಗಸೆಟ್ ಹಾಕಿಸಿ.

ನೀರಿನಲ್ಲಿ ಅಗೆಯುವ ಕ್ರಮ: ಸದ್ದು ಗಟ್ಟಿ ಇರೋ ಕಡೆ ಕಾಯಿಲ್ ನಿಲ್ಲಿಸಿ, ಕಾಯಿಲಿನ ಹಿಂದಿನ ಅಂಚಿಗೆ ಬೂಟಿನ ತುದಿ ತಾಗಿಸಿ ಇಡಿ. ಕಾಯಿಲ್ ಪಕ್ಕಕ್ಕೆ ತೆಗೆದ ಮೇಲೆ ನಿಮ್ಮ ಬೂಟೇ ಗುರುತು. ಅದರ ಮುಂದೆ ಅರ್ಧ ಕಾಯಿಲಿನಷ್ಟು ದೂರಕ್ಕೆ ಸ್ಕೂಪ್ ನೇರ ಇಳಿಸಿ, ಹಿಡಿ ಹಿಂದಕ್ಕೆ ಎಳೆದು ಎತ್ತಿ. ಎತ್ತಿದ ಮೇಲೆ ಗುಂಡಿಯ ಮೇಲೆ ಮತ್ತೆ ಬೀಸಿ. ಸದ್ದು ನಿಂತಿದ್ದರೆ ವಸ್ತು ಸ್ಕೂಪಿನಲ್ಲಿದೆ. ಸ್ಕೂಪನ್ನ ನೀರಿನಲ್ಲಿ ಜಾಲಿಸಿ ನೋಡೋ ಚಪಲ ಬೇಡ, ಸರ ಜಾರಿಹೋಗೋದು ಹಾಗೇ. ಲಾರಿ ಟ್ಯೂಬಿಗೆ 6 ಮಿ.ಮೀ. ಜಾಲರಿಯ ಜರಡಿ ಕಟ್ಟಿ ಸೊಂಟಕ್ಕೆ ಹಗ್ಗ ಹಾಕಿ ತೇಲಿಬಿಟ್ಟುಕೊಳ್ಳಿ, ಅದರಲ್ಲಿ ಸುರಿದು ತೊಳೆಯಿರಿ.

ಒಣಗಿದ ಕೆರೆಯಂಗಳದಲ್ಲಿ ಸ್ಕೂಪ್ ಬೇಡ, ಹಾರೆ ಬೇಕು. ಬಿರುಕು ಬಿಟ್ಟ ಹೂಳು ಇಟ್ಟಿಗೆಯ ಹಾಗೆ ಹೆಂಟೆ ಹೆಂಟೆಯಾಗಿ ಬರುತ್ತೆ. ಹೆಂಟೆಯನ್ನ ಇಡಿಯಾಗಿ ಎತ್ತಿ ಪಿನ್‌ಪಾಯಿಂಟರಿನಿಂದ ನೋಡಿ ಒಡೆಯಿರಿ. ಬಿರುಕು ಇದ್ದರೆ ಅದರೊಳಗೂ ಪಿನ್‌ಪಾಯಿಂಟರ್ ಬಿಡಿ. ಮೇಲೆ ಬಿದ್ದಿದ್ದ ಉಂಗುರ ಬಿರುಕಿನಲ್ಲಿ ಒಂದು ಅಡಿ ಕೆಳಕ್ಕೆ ಹೋಗಿರಬಹುದು, ಮೇಲಿನ ಕಾಯಿಲಿಗೆ ಅದು ಕೇಳಲ್ಲ. ಹೂಮಳೆ ಬಿದ್ದು ಎರಡು ದಿನ ಕಳೆದ ಮೇಲೆ ಹೋದರೆ ಮಣ್ಣು ಮೆತ್ತಗಿರುತ್ತೆ.

ಪಿನ್‌ಪಾಯಿಂಟರ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಕೆಸರು ಹಿಡಿದ ಉಂಗುರ ಕೈಯಲ್ಲಿದ್ದರೂ ಕಲ್ಲಿನ ಹಾಗೇ ಕಾಣೋದು. ನೀರಿಗಾದರೆ ಗ್ಯಾರೆಟ್ ಪ್ರೊ-ಪಾಯಿಂಟರ್ ಎಟಿ ಸಾಕು, 20 ಅಡಿ ನೀರಿನವರೆಗೆ ತಡೆಯುತ್ತೆ.

ಗೊರೂರುದಾರಿ

ಏಸ್ 300 ನೀರಿಗೆ ಎಷ್ಟು ಇಳಿಸಬಹುದು? ಕಾಯಿಲ್ ವಾಟರ್‌ಪ್ರೂಫ್ ಅಂತಿದೆ.

ತೂಬಿನಬಾಯಿ

ಕಾಯಿಲ್ ಮಾತ್ರ. ಮೇಲಿನ ಡಬ್ಬಿಗೆ ಒಂದು ಲೋಟ ನೀರು ಹೋದರೂ ಮುಗೀತು ಕತೆ. ಮಂಡಿಗಿಂತ ಮೇಲಕ್ಕೆ ಇಳಿಯಬೇಡಿ. ಮಂಡಿಯ ನೀರಿನಲ್ಲೂ ಜಾರಿ ಬಿದ್ದರೆ ಡಬ್ಬಿ ಮುಳುಗುತ್ತೆ, ಅದಕ್ಕೆ ಗಟ್ಟಿ ಪ್ಲಾಸ್ಟಿಕ್ ಕವರ್ ಹಾಕಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಸೊಂಟ, ಎದೆಮಟ್ಟದ ನೀರಿಗೆ ಪೂರ್ತಿ ವಾಟರ್‌ಪ್ರೂಫ್ ಮಿಷನ್ ಬೇಕು. ಎಟಿ ಪ್ರೊ 10 ಅಡಿ, ಈಕ್ವಿನಾಕ್ಸ್ 800 ಸುಮಾರು 3 ಮೀಟರ್, ಈಕ್ವಿನಾಕ್ಸ್ 900 ಆದರೆ 5 ಮೀಟರ್. ಮೈನ್‌ಲ್ಯಾಬ್ ವ್ಯಾಂಕ್ವಿಶ್ ಕೂಡ ನಿಮ್ಮದರ ಹಾಗೇ, ಕಾಯಿಲ್ ಮಾತ್ರ ಇಳಿಸಬಹುದು.

ವಾಟರ್‌ಪ್ರೂಫ್ ಮಿಷನ್ನು ಹಾಳಾಗೋದು ಹೆಚ್ಚಾಗಿ ಬೇಸಿಗೆಯಲ್ಲೇ, ಕಾರಣ ಬಿಸಿಲು. ಕಾರಿನ ಡಿಕ್ಕಿಯಲ್ಲಿ ಕಾದ ಮಿಷನ್ನನ್ನ ತಣ್ಣೀರಿಗೆ ಇಳಿಸಿದ ತಕ್ಷಣ ಒಳಗಿನ ಗಾಳಿ ಕುಗ್ಗುತ್ತೆ, ಸೀಲಿನ ಸಣ್ಣ ಸಂದಿಯಿಂದ ನೀರನ್ನ ಹೀರಿಕೊಳ್ಳುತ್ತೆ. ಕಾಲು ಗಂಟೆ ನೆರಳಲ್ಲಿಟ್ಟು ಆಮೇಲೆ ಇಳಿಸಿ. ಬ್ಯಾಟರಿ ಮುಚ್ಚಳದ ಓ-ರಿಂಗಿಗೆ ಸಿಲಿಕಾನ್ ಗ್ರೀಸ್ ಸವರಿ, ಮರಳಿನ ಒಂದು ಕಣ ಕೂಡ ಕೂತಿರಬಾರದು. ಮನೆಗೆ ಬಂದು ಪೂರ್ತಿ ಒರೆಸಿದ ಮೇಲೇ ಮುಚ್ಚಳ ತೆಗೆಯಿರಿ.

ವೈರ್‌ಲೆಸ್ ಹೆಡ್‌ಫೋನ್ ನೀರೊಳಗೆ ನಡೆಯಲ್ಲ, ರೇಡಿಯೋ ಅಲೆ ನೀರಲ್ಲಿ ಕೆಲವೇ ಇಂಚಿಗೆ ಸತ್ತುಹೋಗುತ್ತೆ. ಎಕ್ಸ್‌ಪಿ ಡಿಯಸ್ ಥರದ ವೈರ್‌ಲೆಸ್ ಕಾಯಿಲಿಗೂ ನೀರಿನಲ್ಲಿ ಆಂಟೆನಾ ವೈರ್ ಹಾಕಬೇಕು. ಕಾಯಿಲ್ ಕವರ್ ಇದ್ದರೆ ಆಗಾಗ ಬಿಚ್ಚಿ ತೊಳೆಯಿರಿ, ಒಳಗೆ ಸೇರಿದ ಕರಿಮರಳು ತಾನೇ ಸದ್ದು ಮಾಡುತ್ತೆ.

ಮಲೆಸೀಮೆ

ಟಿಕ್... ಟಿಕ್... ಅಂತ ಸೆಕೆಂಡಿಗೊಂದು ಸದ್ದು ಬಂದರೆ ನೆಲ ಅಗೆಯಬೇಡಿ, ತಲೆ ಎತ್ತಿ ತೋಟದ ಕಡೆ ನೋಡಿ. ಐಬೆಕ್ಸ್ ಬೇಲಿ (ಶಾಕ್ ಹೊಡೆಯುವ ತಂತಿ ಬೇಲಿ) ಇರುತ್ತೆ! ಪಂಪ್‌ಸೆಟ್ ಓಡುವಾಗ, 11 ಕೆ.ವಿ. ಲೈನ್ ಕೆಳಗೆ ಬೇರೆ ಥರದ ಗದ್ದಲ. ಸೆನ್ಸಿಟಿವಿಟಿ ಇಳಿಸಿ, ಫ್ರೀಕ್ವೆನ್ಸಿ ಬದಲಾಯಿಸುವ ಸೌಲಭ್ಯ ಇದ್ದರೆ ಬದಲಾಯಿಸಿ. ಜೇಬಿನ ಮೊಬೈಲನ್ನ ಫ್ಲೈಟ್ ಮೋಡ್‌ಗೆ ಹಾಕಿ.

ಕಾನೂನುಕಟ್ಟೆ

ಅನುಮತಿ ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಈ ಮಿಷನ್ ಹಿಡಿದು ಹೊರಟವರನ್ನ ನಮ್ಮ ಜನ ಮೊದಲು ನಿಧಿಗಳ್ಳರು ಅಂತಲೇ ನೋಡೋದು, ಅದರಲ್ಲಿ ಅವರ ತಪ್ಪಿಲ್ಲ.

ಜಲಾಶಯದ ಜಾಗ ನೀರಾವರಿ ನಿಗಮದ್ದು, ಕೆರೆ ಯಾವ ಇಲಾಖೆಯ ಸುಪರ್ದಿಯಲ್ಲಿದೆ ಅನ್ನೋದನ್ನ ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಮೀನಿನ ಗುತ್ತಿಗೆ ಇದ್ದರೆ ಗುತ್ತಿಗೆದಾರರಿಗೂ ಹೇಳಿ. ಅರ್ಜಿಯಲ್ಲಿ ಕಳೆದ ವಸ್ತು ಏನು, ಯಾರದು, ಯಾವ ದಿನ ಕಳೆಯಿತು, ಎಷ್ಟು ಜಾಗದಲ್ಲಿ ಹುಡುಕುತ್ತೀರಿ ಅಂತ ಬರೆದು ಕಳೆದುಕೊಂಡವರ ಸಹಿ ಹಾಕಿಸಿ. ಒಂದು ಪ್ರತಿ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಸಾಧ್ಯವಾದರೆ ಕಳೆದುಕೊಂಡವರೂ ಜೊತೆಗಿರಲಿ.

ಸಿಕ್ಕ ವಸ್ತು ನಿಮ್ಮದಲ್ಲ. 1872ರ ಕರಾರು ಕಾಯ್ದೆಯ 71ನೇ ಕಲಂ ಪ್ರಕಾರ, ಬೇರೆಯವರ ವಸ್ತು ಸಿಕ್ಕಿ ಇಟ್ಟುಕೊಂಡವರಿಗೆ ನಂಬಿ ಕೊಟ್ಟ ವಸ್ತುವನ್ನ ಜೋಪಾನಕ್ಕೆ ಇಟ್ಟುಕೊಂಡವರಿಗಿರುವಷ್ಟೇ ಜವಾಬ್ದಾರಿ. ಅಪ್ರಾಮಾಣಿಕವಾಗಿ ಬಳಸಿಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ ಇದೆ. ಹೂತಿಟ್ಟ ಹಳೇ ನಾಣ್ಯ, ಒಡವೆ ಕಂಡರೆ ಅಲ್ಲಿಗೇ ಅಗೆತ ನಿಲ್ಲಿಸಿ, ಕರ್ನಾಟಕ ನಿಧಿ ಕಾಯ್ದೆ 1962ರಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಗೂ ಬರುತ್ತೆ.

ಹೋಗಲೇಬಾರದ ಕಡೆ: ಹಳೇಬೀಡಿನ ದ್ವಾರಸಮುದ್ರ ಕೆರೆ, ಬೇಲೂರು ದೇವಸ್ಥಾನದ ಆಸುಪಾಸು, ಶ್ರವಣಬೆಳಗೊಳದ ಕಲ್ಯಾಣಿ. ಶೆಟ್ಟಿಹಳ್ಳಿಯ ಮುಳುಗುವ ಚರ್ಚಿನ ಅಂಗಳಕ್ಕೂ ಮಿಷನ್ ತರಬೇಡಿ, 1860ರ ದಶಕದ ಕಟ್ಟಡ ಅದು, ಬೇಸಿಗೆಯಲ್ಲಿ ಬಯಲಾದ ಮಾತ್ರಕ್ಕೆ ಬೀಚ್ ಆಗಲ್ಲ. ಲಕ್ಕವಳ್ಳಿಯ ಭದ್ರಾ ಹಿನ್ನೀರಿನ ಕಾಡಿನ ಕಡೆಯ ದಡ ಹುಲಿ ಸಂರಕ್ಷಿತ ಪ್ರದೇಶ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ.

ಕೆರೆಯ ಏರಿ ಮೇಲೆ, ತೂಬಿನ ಸುತ್ತ, ಕೋಡಿಯ ಕಲ್ಲುಕಟ್ಟಡದಲ್ಲಿ ಒಂದು ಗೇಣು ಗುಂಡಿಯನ್ನೂ ತೋಡಬಾರದು. ಮಳೆಗಾಲದಲ್ಲಿ ನೀರು ಜಿನುಗೋದು ಅಂಥ ಗುಂಡಿಯಿಂದಲೇ ಶುರುವಾಗುತ್ತೆ.

ಭದ್ರೆಯದಂಡೆ

ಹೊಳೆ ಕೆರೆಯ ಹಾಗಲ್ಲ. ಕೆರೆಯಲ್ಲಿ ಬಿದ್ದದ್ದು ಬಿದ್ದಲ್ಲೇ ನೆಟ್ಟಗೆ ಹೂಳಿಗಿಳಿದು ಕೆಳಗಿನ ಗಟ್ಟಿ ಪದರದ ಮೇಲೆ ಕೂರುತ್ತೆ. ಹೊಳೆಯಲ್ಲಿ ಒಂದು ಮಳೆಗಾಲ ಕಳೆದರೆ ಜಾಗ ಬದಲಾಗುತ್ತೆ. ಅದಕ್ಕೇ ಕಳಸ, ಬಾಳೆಹೊನ್ನೂರು ಕಡೆ ಕಳೆದ ವಸ್ತುವನ್ನ ಅದೇ ಬೇಸಿಗೆಯಲ್ಲಿ, ಮೃಗಶಿರಾ ಮಳೆಗೆ ಮುಂಚೆ ಹುಡುಕಬೇಕು. ಆಮೇಲಾದರೆ ಬಂಡೆಯ ಕೆಳಭಾಗದ ಸಂದಿ, ತಿರುವಿನ ಒಳದಂಡೆಯ ಜಲ್ಲಿ, ಮರದ ಬೇರಿನ ಬುಡ, ಹೀಗೆ ಭಾರದ ಕಲ್ಲು ನಿಲ್ಲುವ ಕಡೆ ನೋಡಿ. ಚಿನ್ನವೂ ಸೀಸವೂ ಅಲ್ಲೇ ನಿಲ್ಲೋದು.

ಭದ್ರೆಯ ಮರಳಿನಲ್ಲಿ ಕರಿಮರಳು ಜಾಸ್ತಿ, ಕುದುರೆಮುಖದ ಮ್ಯಾಗ್ನಟೈಟ್ ಗುಡ್ಡದಿಂದಲೇ ಇಳಿದು ಬರುವ ಹೊಳೆ ಅದು. ಅಂಥ ಕಡೆ ಪಲ್ಸ್ ಇಂಡಕ್ಷನ್ ಮಿಷನ್ (ಕಾಯಿಲಿಗೆ ವಿದ್ಯುತ್ತನ್ನ ಬಿಟ್ಟು ಬಿಟ್ಟು ಮಿಡಿತದ ಥರ ಕೊಡುವ ಮಿಷನ್) ಚೆನ್ನಾಗಿ ಕೇಳುತ್ತೆ, ಮಣ್ಣಿನ ಖನಿಜಕ್ಕೆ ಅಷ್ಟಾಗಿ ಬೆದರಲ್ಲ.

ಬಿಡಿಕಾಸು

ಪಲ್ಸ್ ಮಿಷನ್ ಕಬ್ಬಿಣ, ಚಿನ್ನ ಅಂತ ಬೇರೆ ಮಾಡಿ ಹೇಳಲ್ಲ ಅನ್ನೋದನ್ನೂ ಸೇರಿಸಿ ಸರ್. ಸ್ನಾನಘಟ್ಟದ ಕೆಳಗೆ ಅದನ್ನ ಹಿಡಿದರೆ ಒಂದೊಂದು ಪಿನ್ನು, ಮೊಳೆ, ರೂಪಾಯಿಯನ್ನೂ ಎತ್ತಬೇಕಾಗುತ್ತೆ. ಗಟ್ಟಿಯಾಗಿ ಬ್ಯಾಲೆನ್ಸ್ ಆಗುವ ಮಲ್ಟಿ ಫ್ರೀಕ್ವೆನ್ಸಿ ಮಿಷನ್ ಇದ್ದರೆ ಅದೇ ಸಾಕು.

ಭದ್ರೆಯದಂಡೆ

ಒಪ್ಪಿದೆ, ಘಟ್ಟದ ಕೆಳಗೆ ಬೇಡ, ಜನ ಕಡಿಮೆ ಇರುವ ಮಡುವಿಗೆ ಸರಿ. ಶೃಂಗೇರಿಯ ತುಂಗೆಯ ಘಟ್ಟ, ರಾಮನಾಥಪುರದ ಕಾವೇರಿಯ ಮಡು ಎರಡೂ ದೇವರ ಮೀನಿನ ಜಾಗ. ಅಲ್ಲಿ ನೀರು ಕದಡೋದೇ ತಪ್ಪು, ಮಠ, ದೇವಸ್ಥಾನದವರನ್ನ ಕೇಳದೆ ಹೆಜ್ಜೆ ಇಡಬೇಡಿ. ಭಕ್ತರು ಹಾಕಿದ ಕಾಸನ್ನ ಮುಟ್ಟಲೂಬೇಡಿ.

ಏರಿಮೇಲೆ

ಜೀವದ ಮಾತು. ಇಳಿದ ನೀರಿನ ಅಂಚಿನ ಹೂಳು ಮೇಲೆ ಒಣಗಿ ಗಟ್ಟಿ ಕಂಡರೂ ಒಳಗೆ ಅಂಬಲಿ. 5 ಅಡಿ ಕೋಲು ಮುಂದೆ ಚುಚ್ಚಿಕೊಂಡು ಹೋಗಿ, ಒಂದೂವರೆ ಅಡಿಗಿಂತ ಹೆಚ್ಚು ಸಲೀಸಾಗಿ ಇಳಿದರೆ ವಾಪಸ್. ಕಾಲು ಹೂತರೆ ನಿಂತೇ ಎಳೆಯಬೇಡಿ, ಹಿಂದಕ್ಕೆ ಮಲಗಿ ಒಂದೊಂದೇ ಕಾಲು ಬಿಡಿಸಿ. ಮರಳು ತೆಗೆದ ಗುಂಡಿ, ಜೆಸಿಬಿಯಲ್ಲಿ ಹೂಳೆತ್ತಿದ ಗುಂಡಿ ನೀರಿನಡಿ ಕಾಣಲ್ಲ, ಮಂಡಿಯಿಂದ ತಲೆಯ ಆಳಕ್ಕೆ ಒಂದೇ ಹೆಜ್ಜೆ. ಹೆಡ್‌ಫೋನ್ ಹಾಕಿದವರಿಗೆ ಹೊರಗಿನ ಕೂಗು ಕೇಳಲ್ಲ, ಅದಕ್ಕೆ ದಡದಲ್ಲಿ ಹಗ್ಗ ಹಿಡಿದ ಇನ್ನೊಬ್ಬರು ಇರಲೇಬೇಕು. ಅಣೆಕಟ್ಟೆಯ ಕೆಳಗಿನ ಹೊಳೆಪಾತ್ರಕ್ಕೆ ಇಳಿಯಲೇಬೇಡಿ, ನೀರು ಯಾವಾಗ ಬಿಡ್ತಾರೆ ಅಂತ ಹೇಳೋಕಾಗಲ್ಲ.

ಬೂಟು ದಪ್ಪ ಅಡಿಯದ್ದಿರಲಿ, ಬಾಟಲಿ ಚೂರು ಎಲ್ಲಾ ಕಡೆ. ಗಾಯವಿದ್ದರೆ ನಿಂತ ನೀರಿಗಿಳಿಯಬೇಡಿ, ಇಲಿಜ್ವರ ಬರೋದು ಹಾಗೆ. ಆಲೂರು, ಸಕಲೇಶಪುರ, ಬೇಲೂರು ಸೀಮೆಯಲ್ಲಿ ಸಂಜೆ 4ರ ಮೇಲೆ ಜಾಗ ಖಾಲಿ ಮಾಡಿ. ಆನೆ ನೀರಿಗೆ ಬರೋ ಹೊತ್ತು.

ತೂಬಿನಬಾಯಿ

ಗೊರೂರುದಾರಿಯವರೇ, ಪಟ್ಟಿ ಗುರುತಿಸಿದ ಮೇಲೆ ಬೀಸುವ ಕ್ರಮ: ಎರಡು ಹಗ್ಗ ಒಂದೂವರೆ ಮೀಟರ್ ಅಂತರದಲ್ಲಿ ಎಳೆದು ಗೂಟ ಹೊಡೆಯಿರಿ. ಒಂದು ಬೀಸು ಇನ್ನೊಂದರ ಮೇಲೆ ಅರ್ಧ ಕಾಯಿಲಿನಷ್ಟು ಹತ್ತಬೇಕು. ಕಾಯಿಲಿನ ಕೆಳಗೆ ಅದರ ನೋಟ ಬುಗುರಿಯ ಥರ ಕಿರಿದಾಗ್ತಾ ಹೋಗುತ್ತೆ, ಹೆಜ್ಜೆ ದೊಡ್ಡದಾದರೆ ಆಳದಲ್ಲಿರೋದು ಎರಡು ಬೀಸಿನ ನಡುವೆ ತಪ್ಪಿಹೋಗುತ್ತೆ. ಮುಗಿದ ಮೇಲೆ ಹಗ್ಗವನ್ನ ಅಡ್ಡಕ್ಕೆ ತಿರುಗಿಸಿ ಮತ್ತೊಮ್ಮೆ. ನಿಂತ ಉಂಗುರ ಒಂದು ದಿಕ್ಕಿನಲ್ಲಿ ಕೇಳದೇ ಇನ್ನೊಂದು ದಿಕ್ಕಿನಲ್ಲಿ ಕೇಳಬಹುದು. ನೀರಿನಲ್ಲಿ ಗೂಟದ ಬದಲು ಖಾಲಿ ಬಾಟಲಿಗೆ ದಾರ, ದಾರಕ್ಕೆ ಕಲ್ಲು.

ಪಟ್ಟಿಯಲ್ಲಿ ಸಿಗದಿದ್ದರೆ ಅಗಲ ಹೆಚ್ಚಿಸೋಕೆ ಮೊದಲು ಆಳದ ಪ್ರಶ್ನೆ ಕೇಳಿಕೊಳ್ಳಿ. ಕೋಲು ಚುಚ್ಚಿ ಹೂಳು ಎಷ್ಟಿದೆ ನೋಡಿ. 8 ಇಂಚಿಗಿಂತ ಹೆಚ್ಚಿದ್ದರೆ ಮೇಲಿನ 4 ಇಂಚನ್ನ ಸಲಿಕೆಯಲ್ಲಿ ಕೆರೆದು ಬಾಂಡ್ಲಿಗೆ ಹಾಕಿ ಪಕ್ಕದಲ್ಲಿ ತೆಳ್ಳಗೆ ಹರಡಿ, ಅದರ ಮೇಲೂ ಬೀಸಿ, ಬಯಲಾದ ನೆಲದ ಮೇಲೂ ಬೀಸಿ. 10 ಅಡಿಗೆ 10 ಅಡಿ ಜಾಗಕ್ಕೆ ಇಬ್ಬರಿಗೆ ಅರ್ಧ ದಿನ ಬೇಕಾಗುತ್ತೆ.

ಗೊರೂರುದಾರಿ

ಸರ್, ಸಿಕ್ಕಿದರೆ ಅಲ್ಲೇ ತೊಳೆಯಬಹುದಾ?

ಮಲೆಸೀಮೆ

ನೀರಿನಲ್ಲಿ ಜಾಲಿಸಿ ಅಷ್ಟೇ, ಮಣ್ಣು ಹಾಕಿ ಉಜ್ಜಬೇಡಿ, ಗೀರು ಬೀಳುತ್ತೆ. ಚಿನ್ನ ಇದ್ದ ಹಾಗೇ ಬರುತ್ತೆ. ಬೆಳ್ಳಿ ಹೂಳಿನ ಗಂಧಕಕ್ಕೆ ಕಪ್ಪಾಗಿರುತ್ತೆ. ಪಾತ್ರೆಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಅದಕ್ಕೆ ತಾಗುವ ಹಾಗೆ ಒಡವೆ ಇಟ್ಟು, ಒಂದು ಚಮಚ ಅಡುಗೆ ಸೋಡಾ, ಬಿಸಿನೀರು ಹಾಕಿ ಐದು ನಿಮಿಷ ಬಿಟ್ಟರೆ ಬಿಳಿ ಬರುತ್ತೆ. ಹರಳು, ಮುತ್ತು ಕೂರಿಸಿದ್ದಾದರೆ ಅದೂ ಬೇಡ, ಕಳೆದುಕೊಂಡವರಿಗೆ ಹಾಗೇ ಕೊಡಿ, ಅಕ್ಕಸಾಲಿಗರು ನೋಡಿಕೊಳ್ತಾರೆ.

ಬೆಸುಗೆಕೈ

ತೋಡಿದ ಗುಂಡಿ ಮುಚ್ಚಿ ಕಾಲಿಂದ ತುಳಿದು ಬನ್ನಿ ಅಣ್ಣ. ಬೇಸಿಗೆಯಲ್ಲಿ ದನ ಮೇಯೋದು ಅದೇ ಅಂಗಳದಲ್ಲಿ, ಒಂದು ಗುಂಡಿಗೆ ಕಾಲು ಸಿಕ್ಕಿದರೆ ಮುರಿದುಹೋಗುತ್ತೆ. ಎತ್ತಿದ ಮುಚ್ಚಳ, ಚೂರುಗಳನ್ನ ಚೀಲಕ್ಕೆ ಹಾಕಿಕೊಂಡು ಬನ್ನಿ, ಇಲ್ಲದಿದ್ದರೆ ನಾಳೆ ಅದೇ ಮುಚ್ಚಳವನ್ನ ಮತ್ತೆ ಅಗೀತೀರಿ.